ಹಾಲಿಗೆ ನೀಲಿಯ ಸಾಕ್ಷಿ

ಬೆಳಿಗ್ಗೆ ಮನೆಗೆ ಬಂದ ಹಾಲು ಬೆಳ್ಳಗಿದೆ, ನೊರೆಯಿದೆ, ಕೆಟ್ಟ ವಾಸನೆಯೇನೂ ಇಲ್ಲ. ಇಷ್ಟರಿಂದಲೇ ಅದು ಶುದ್ಧವೆಂದು ನಂಬಬಹುದೆ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ಹಾಲೆಲ್ಲ ಶುದ್ಧವೂ ಅಲ್ಲವೆಂದು ಅದಕ್ಕೆ ಇನ್ನೊಂದು ಮಾತು ಸೇರಿಸಬೇಕು.

ಇದಕ್ಕೆ ಕಾರಣ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು. ಬೆಚ್ಚಗಿನ ಹದವೂ ಬೇಕಾದಷ್ಟು ಆಹಾರವೂ ದೊರೆತರೆ ಇವುಗಳಲ್ಲಿ ಕೆಲವು ಜಾತಿಯವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಒಂದು ಗಂಟೆಗೆ ಎಂಟು. ಈ ವೇಗ ತಡೆಯಿಲ್ಲದೆ ಸಾಗಿದರೆ 10 ಗಂಟೆಗಳಲ್ಲಿ ನೂರು ಕೋಟಿಗೂ ಮಿಗಿಲು! ಇವನ್ನು ಒಂದೊಂದಾಗಿ ಎಣಿಸುವವರಾರು?

ಎಣಿಸುವ ಶ್ರಮವಿಲ್ಲದೆ ಅಳೆಯಲು ಒಂದು ಬಣ್ಣ ನೆರವಾಗುತ್ತದೆ. ಅದರ ಹೆಸರು ಮಿಥಿಲೀನ್ ಬ್ಲೂ. ಇದನ್ನು ಮೊದಲು ತಯಾರಿಸಿದ್ದು 1876ರಲ್ಲಿ, ಜರ್ಮನಿಯ ಹೈನ್ರಿಖ್ ಕಾರೋ. ಕ್ರಿಮಿಶುದ್ಧವಾದ ಗಾಜಿನ ನಳಿಗೆಯಲ್ಲಿ 10 ಮಿಲಿಲೀಟರ್ ಹಸಿ ಹಾಲಿಗೆ ಈ ಬಣ್ಣದ ತೆಳು ದ್ರಾವಣವನ್ನು 1 ಮಿಲಿಲೀಟರ್ ಬೆರೆಸಿ, ಬಿರಡೆ ಹಾಕಿ, 37 ಡಿಗ್ರಿ ಸೆಂಟಿಗ್ರೇಡ್ ಶಾಖದ ನೀರಿನಲ್ಲಿ ಇಡುತ್ತಾರೆ. ಹಾಲು ತಿಳಿನೀಲಿಯಾಗುತ್ತದೆ. ಒಳಗಿನ ಬ್ಯಾಕ್ಟೀರಿಯಗಳು ಬೆಳೆಯುತ್ತ ಹಾಲಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಆಮೇಲೆ ಅವುಗಳ ಉಸಿರಾಟದಿಂದ ಬರುವ ಎಲೆಕ್ಟ್ರಾನುಗಳು ಬಣ್ಣವನ್ನು ಸೇರುತ್ತವೆ; ನೀಲಿ ಮಾಯವಾಗಿ ಹಾಲು ಮತ್ತೆ ಬೆಳ್ಳಗಾಗುತ್ತದೆ.

ವಿಚಿತ್ರವನ್ನು ಗಮನಿಸಿ: ಇಲ್ಲಿ ಬಿಳಿ ಬೇಗ ಮರಳಿತೆಂದರೆ ಹಾಲು ಕೆಟ್ಟದ್ದು! ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಅಳತೆಯಂತೆ, ನೀಲಿ 5 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ನಿಂತರೆ ಹಾಲು ಅತ್ಯುತ್ತಮ. 3ರಿಂದ 4 ಗಂಟೆ ನಿಂತರೆ ಉತ್ತಮ. 1ರಿಂದ 2 ಗಂಟೆಯಾದರೆ ಸಾಧಾರಣ. ಅರ್ಧ ಗಂಟೆಯೊಳಗೇ ಮಾಯವಾದರೆ ತೀರ ಕಳಪೆ.

ಇದೇ ಉಪಾಯ ಇನ್ನೂ ದೊಡ್ಡ ಕೆಲಸಕ್ಕೂ ಒದಗಿದೆ. ರೆಸಜೂರಿನ್ ಎಂಬ ಇನ್ನೊಂದು ನೀಲಿ ಬಣ್ಣವು ಬ್ಯಾಕ್ಟೀರಿಯಗಳು ಬೆಳೆದರೆ ನಸುಗೆಂಪಾಗುತ್ತದೆ. ಕ್ಷಯರೋಗದ ಬ್ಯಾಕ್ಟೀರಿಯಕ್ಕೆ ಔಷಧ ಬೆರೆಸಿ ಈ ಬಣ್ಣ ಹಾಕಿದಾಗ, ನೀಲಿ ಉಳಿದರೆ ಔಷಧ ನಾಟಿತೆಂದು ಅರ್ಥ. ಕೆಂಪೇರಿದರೆ ಆ ಔಷಧದಿಂದ ರೋಗಿಗೆ ಪ್ರಯೋಜನವಾಗಲಾರದು.

ಆದರೂ ಬಣ್ಣದ ಸಾಕ್ಷಿಗೆ ಒಂದು ಮಿತಿಯುಂಟು. ಹಾಲಿನಲ್ಲಿ ಬ್ಯಾಕ್ಟೀರಿಯಗಳ ಆರ್ಭಟ ಎಷ್ಟೆಂದು ಅದು ಹೇಳೀತು. ಅವು ಯಾವುವೆಂದು ಹೇಳಲಾರದು. ನೀಲಿ ಬಹಳ ಹೊತ್ತು ನಿಂತ ಹಾಲಿನಲ್ಲಿಯೂ ರೋಗ ತರುವ ನಾಲ್ಕಾರು ಕ್ರಿಮಿಗಳು ಅಡಗಿರಬಹುದು. ಆದುದರಿಂದ ಪಾತ್ರೆಯನ್ನು ಚೊಕ್ಕಟವಾಗಿ ತೊಳೆಯಿರಿ. ಹಸಿ ಹಾಲನ್ನು ತಡಮಾಡದೆ ಕಾಯಿಸಿ, ಆರಿಸಿ, ಮುಚ್ಚಿ ತಣ್ಣಗಿಡಿ. ಮನೆಯ ಮಕ್ಕಳ ಪಾಲಿಗೆ ಪ್ರಯೋಗಶಾಲೆಗಿಂತ ಮೊದಲಿನ ರಕ್ಷೆ ಇದೇ.