ಹುಲ್ಲುಗಾವಲಿನ ದೇವರುಗಳು



ಇಂದ್ರ, ಜ್ಯೂಸ್, ಓಡಿನ್ ಮೊದಲಾದ ದೊಡ್ಡ ದೇವರುಗಳ ಹೆಸರನ್ನು ಅನೇಕರು ಬಲ್ಲರು. ಹಟ್ಟಿ, ಹೊಲ, ಹುಲ್ಲುಗಾವಲುಗಳನ್ನು ಕಾಯುತ್ತಿದ್ದ ಸಣ್ಣ ದೇವತೆಗಳನ್ನು ಕೇಳಿದವರು ವಿರಳ. ಪ್ರಾಚೀನ ರೋಮನ್ನರು ಗೋಧಿಗೆ ತುಕ್ಕುರೋಗ ತಗಲದಿರಲೆಂದು ಏಪ್ರಿಲ್ 25ರಂದು ರೊಬಿಗಸ್ ಎಂಬ ದೈವಕ್ಕೆ ಬಲಿ ಕೊಡುತ್ತಿದ್ದರು. ಅವರ ದನಕರುಗಳಿಗೆ ಬುಬೋನಾ ಎಂಬ ದೇವತೆಯಿದ್ದಳು. ಐದನೆಯ ಶತಮಾನದಲ್ಲಿ ಸಂತ ಅಗಸ್ಟೀನನು ಇಂತಹ ದೇವತೆಗಳನ್ನು ಪರಿಹಾಸ ಮಾಡುವುದಕ್ಕಾಗಿ ಅವಳನ್ನು ಹೆಸರಿಸಿದನು. ಪರಿಹಾಸಕ್ಕೆ ಬರೆದುದರಿಂದಲೇ ಅವಳ ಹೆಸರು ಉಳಿಯಿತು!

ಬುಬೋನಾಳಿಗೆ ಇಂದು ಹಟ್ಟಿಯಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಾದರೋ ದನದ ದೇವರುಗಳು ಈಗಲೂ ರೊಪ್ಪದ ಮಗ್ಗುಲಲ್ಲೇ ಇದ್ದಾರೆ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆಯನ್ನಷ್ಟೇ ಕಾಣುವ ಈ ಬಯಲುಸೀಮೆಯಲ್ಲಿ ಮ್ಯಾಸಬೇಡರು ಗಾದ್ರಿ ಪಾಲನಾಯಕನನ್ನು, ಕಾಡುಗೊಲ್ಲರು ಜುಂಜಪ್ಪನನ್ನು, ಕ್ಯಾತಪ್ಪನನ್ನು ಪೂಜಿಸುತ್ತಾರೆ. ಪಾಲನಾಯಕ, ಜುಂಜಪ್ಪರು ಪಶುಪಾಲಕ ವೀರರಾಗಿದ್ದು ದೈವತ್ವಕ್ಕೇರಿದವರು. ಜುಂಜಪ್ಪನ ಕಥೆಯನ್ನು ಗಣೆಯೆಂಬ ಉದ್ದನೆಯ ಕೊಳಲಿನೊಡನೆ ಹಾಡುತ್ತಾರೆ. ಕ್ಯಾತಪ್ಪನ ಜಾತ್ರೆಯಲ್ಲಿ ಮುಳ್ಳಿನ ಕೊಂಬೆಗಳಿಂದಲೇ ಗುಡಿ ಕಟ್ಟುತ್ತಾರೆ. ಬರಿಗಾಲಿನ ಯುವಕರು ಅದನ್ನೇರಿ ತುದಿಯ ಕಳಶವನ್ನು ಕೀಳುತ್ತಾರೆ. ಮುಳ್ಳುಕಂಟಿಯ ನೆಲದ ದೇವರಿಗೆ ಇದಕ್ಕಿಂತ ಒಪ್ಪುವ ಗುಡಿ ಯಾವುದು?

ಮ್ಯಾಸಬೇಡರ ಗುಡಿಕಟ್ಟುಗಳಿಗೆ 'ದೇವರ ಎತ್ತು'ಗಳೆಂಬ ಹಿಂಡುಗಳುಂಟು. ಹೆಸರು ಎತ್ತೆಂದಿದ್ದರೂ ಹಿಂಡಿನಲ್ಲಿ ಹಸು, ಕರು, ಹೋರಿಗಳೆಲ್ಲ ಇರುತ್ತವೆ. ಅವುಗಳ ಹೆಗಲ ಮೇಲೆ ನೊಗವಿಡುವುದಿಲ್ಲ. ಕಾಯುವವನನ್ನು ಕಿಲಾರಿ ಎನ್ನುತ್ತಾರೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಕೃಷಿವಿಜ್ಞಾನದ ದೃಷ್ಟಿ ಬೇರೆಯದನ್ನೇ ಕಾಣುತ್ತದೆ. ದುಡಿಮೆಗಾಗಲಿ ಹಾಲಿನ ಲಾಭಕ್ಕಾಗಲಿ ಸಾಕದ ಈ ಹಿಂಡುಗಳಲ್ಲಿ ಸ್ಥಳೀಯ ನಾಟಿ ತಳಿಯು ಉಳಿಯುತ್ತದೆ. ಜಾಲಿಯ ಕಾಯಿಗಳನ್ನು ಮೇಯ್ದ ದನಗಳ ಸಗಣಿಯಲ್ಲಿ ಗಟ್ಟಿ ಸಿಪ್ಪೆಯ ಬೀಜಗಳು ಹೊರಬಿದ್ದು, ಮಳೆ ಬಂದಾಗ ಅಲ್ಲಿಯೇ ಮೊಳೆಯುತ್ತವೆ. ಮಲೆನಾಡಿನಲ್ಲಿ ಚೌಡಿಯ ಬನಕ್ಕೆ ಕೊಡಲಿ ಒಯ್ಯಬಾರದೆಂಬ ಕಟ್ಟಳೆಯು ಮರಗಳನ್ನು ಕಾಯ್ದಿತು. ಬಯಲಿನಲ್ಲಿ ಕಾಯಬೇಕಾದುದು ಮರವನ್ನಲ್ಲ, ಹುಲ್ಲನ್ನು. ಅಲ್ಲಿಯ ಬನವೆಂದರೆ ಕಾವಲು.

ಆದರೆ ಕಾವಲು ದೇವರ ಹೆಸರಿನಲ್ಲಿಲ್ಲ. ಮೈಸೂರು ಅರಸರ ಕಾಲದಲ್ಲಿ ರಾಸುಗಳಿಗೆಂದು ಮೀಸಲಾಗಿದ್ದ ಅಮೃತಮಹಲ್ ಕಾವಲುಗಳು ಚಳ್ಳಕೆರೆಯ ಸುತ್ತ ವಿಸ್ತಾರವಾಗಿದ್ದವು. 2010ರ ಆಸುಪಾಸಿನಲ್ಲಿ ಅವುಗಳಲ್ಲಿ ಸುಮಾರು 10,000 ಎಕರೆಯನ್ನು ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ ಮೊದಲಾದವುಗಳಿಗೆ ವಹಿಸಲಾಯಿತು. ಉದ್ದಾನುದ್ದ ಗೋಡೆಗಳೆದ್ದವು. ಸುತ್ತಲಿನ ಗ್ರಾಮಸ್ಥರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಕಡತಗಳಲ್ಲಿ ಬಹುಮಟ್ಟಿಗೆ ಖಾಲಿ ಜಮೀನೆಂದೇ ತೋರಿದ ಆ ನೆಲದಲ್ಲಿ ಕುರಿಗಾರರ ಹಾದಿಗಳಿದ್ದವು, ಕೃಷ್ಣಮೃಗಗಳಿದ್ದವು.

ಗುಡಿಯನ್ನು ಬೇರೆಡೆ ಕಟ್ಟಿಕೊಡಬಹುದು, ಜಾತ್ರೆಗೆ ಅನುದಾನವನ್ನೂ ಕೊಡಬಹುದು. ಮೇವಿಲ್ಲದೆ ಹಿಂಡು ಕರಗಿದ ಮೇಲೆ ಪಾಲನಾಯಕನು ಯಾವುದರ ದೇವರು? ವಿದ್ಯಾರ್ಥಿಗಳು ಅತ್ತ ಹೋದಾಗ ಗುಡಿಯ ಚಿತ್ರ ತೆಗೆದು ಮರಳದೆ, ಕಿಲಾರಿಯ ಹಿಂದೆ ಒಂದು ದಿನ ನಡೆದು ನೋಡಲಿ. ಯಾವ ತಿಂಗಳು ಎಲ್ಲಿ ಮೇಯಿಸುವುದು, ಯಾವ ಹುಲ್ಲು ಯಾವಾಗ ಬೀಜ ಕಟ್ಟುತ್ತದೆ, ಬರ ಬಂದರೆ ಹಿಂಡನ್ನು ಎತ್ತ ಹೊಡೆಯುವುದು ಎಂಬುದನ್ನು ಅವನಿಂದ ಕೇಳಿ ಬರೆದುಕೊಳ್ಳಲಿ.