ಮುಚ್ಚದೆ ಉಳಿದ ಮೂತ್ರಕೋಶ

ಮಗು ಹುಟ್ಟಿ ಜೋರಾಗಿ ಅತ್ತಿದೆ, ತೂಕವೂ ಚೆನ್ನಾಗಿದೆ. ಆದರೆ ಹೊಕ್ಕುಳಿನ ಕೆಳಗೆ ಚರ್ಮವಿಲ್ಲ. ಕೆಂಪಗೆ, ತೇವವಾಗಿ ಒಂದು ಪದರ. ಅದರ ಮೇಲೆ ಮೂತ್ರ ಹನಿಹನಿಯಾಗಿ ಜಿನುಗುತ್ತಿದೆ. ಅದು ಮೂತ್ರಕೋಶದ ಒಳಮೈ. ಗರ್ಭದಲ್ಲಿ ಕೆಳಹೊಟ್ಟೆಯ ಗೋಡೆ ಕೂಡಿಕೊಳ್ಳದೆ ಹೋದಾಗ ಹೀಗಾಗುತ್ತದೆ. ವೈದ್ಯರು ಇದನ್ನು ಬ್ಲ್ಯಾಡರ್ ಎಕ್ಸ್‌ಟ್ರೋಫಿ ಅನ್ನುತ್ತಾರೆ. ಸುಮಾರು 30ರಿಂದ 50 ಸಾವಿರ ಹೆರಿಗೆಗೆ ಒಂದು ಇಂಥ ಮಗು. ತಾಯಿ ಗ್ರಹಣ ನೋಡಿದ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಈ ಮಾತು ಮನೆಯ ಹಿರಿಯರ ಕಿವಿಗೂ ಬೀಳಲಿ.

ಆ ಪದರಕ್ಕೆ ಒಣ ಗಾಜ್ ಬಟ್ಟೆ ಹಾಕಬಾರದು. ಅಂಟಿಕೊಂಡರೆ ತೆಗೆಯುವಾಗ ಕಿತ್ತು ಬರುತ್ತದೆ. ಶುಭ್ರವಾದ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಹೊಕ್ಕುಳಬಳ್ಳಿಗೂ ಕ್ಲಿಪ್ ಬೇಡ, ದಾರ ಕಟ್ಟಬೇಕು. ಕ್ಲಿಪ್ಪಿನ ಅಂಚು ಉಜ್ಜಿ ಗಾಯವಾಗುತ್ತದೆ.

ಈ ಮಕ್ಕಳ ಸೊಂಟದ ಮೂಳೆಗಳು ಮುಂದೆ ಕೂಡಿರುವುದಿಲ್ಲ. ಹುಟ್ಟಿದ ಎರಡು ಮೂರು ದಿನ ಮೂಳೆ ಇನ್ನೂ ಮೆತ್ತಗಿರುವುದರಿಂದ, ಎಷ್ಟೋ ಮಕ್ಕಳಲ್ಲಿ ಅದನ್ನು ಕತ್ತರಿಸದೆಯೇ ಹತ್ತಿರ ತಂದು ಮೂತ್ರಕೋಶ ಮುಚ್ಚಬಹುದು. ತಡವಾದರೆ ಮೂಳೆ ಕತ್ತರಿಸಿ ಕೂಡಿಸಬೇಕಾಗುತ್ತದೆ. ಅವಸರಕ್ಕಿಂತ ಪಳಗಿದ ಕೈ ಮುಖ್ಯ: ಮೊದಲ ಹೊಲಿಗೆ ಬಿಟ್ಟುಕೊಂಡರೆ ಮುಂದಿನದೆಲ್ಲ ಕಷ್ಟ. ಅಹಮದಾಬಾದಿನ ಸಿವಿಲ್ ಆಸ್ಪತ್ರೆಯಲ್ಲಿ ಭಾರತದ ಮತ್ತು ಅಮೆರಿಕದ ತಜ್ಞರು 2009ರಿಂದ ಜೊತೆಗೂಡಿ ಇಂಥ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ ಬಂದಿರುವುದು ಇದಕ್ಕೇ.

ಅಲ್ಲಿಗೆ ಮುಗಿಯಲಿಲ್ಲ. ಹಂತ ಹಂತವಾಗಿ ಮಾಡುವ ಪದ್ಧತಿಯಲ್ಲಿ ಮುಂದೆ ಮೂತ್ರನಾಳದ ದುರಸ್ತಿ, ಆಮೇಲೆ ನಾಲ್ಕೈದು ವರ್ಷಕ್ಕೆ ಮೂತ್ರ ತಡೆಹಿಡಿಯಲು ಮೂತ್ರಕೋಶದ ಕುತ್ತಿಗೆ ಬಿಗಿ ಮಾಡುವುದು. ಕೋಶ ತೀರ ಚಿಕ್ಕದಾದರೆ ಕರುಳಿನ ತುಂಡು ಸೇರಿಸಿ ದೊಡ್ಡದು ಮಾಡುತ್ತಾರೆ. ಫ್ರಾನ್ಸಿನ ಪಾಲ್ ಮಿತ್ರೊಫಾನೊಫ್ 1980ರಲ್ಲಿ ಪ್ರಕಟಿಸಿದ ಉಪಾಯ ನನಗಂತೂ ಬಲು ಸೊಗಸೆನಿಸುತ್ತದೆ: ಅಪೆಂಡಿಕ್ಸನ್ನೇ ಕೊಳವೆಯಾಗಿಸಿ ಮೂತ್ರಕೋಶದಿಂದ ಹೊಟ್ಟೆಯ ಮೇಲಕ್ಕೆ ದಾರಿ ಮಾಡುವುದು. ಹೊಕ್ಕುಳಿನಲ್ಲೇ ಅದರ ಬಾಯಿ ಇಟ್ಟರೆ ಯಾರಿಗೂ ಕಾಣುವುದಿಲ್ಲ. ಮೂರು ನಾಲ್ಕು ಗಂಟೆಗೊಮ್ಮೆ ಮಗುವೇ ಅಲ್ಲಿ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿ ಮೂತ್ರ ಖಾಲಿ ಮಾಡಿಕೊಳ್ಳುತ್ತದೆ. ಶಾಲೆಯಲ್ಲಿ ಅದಕ್ಕೆ ಬೇಕಾದದ್ದು ಚಿಲಕವಿರುವ ಶೌಚಾಲಯ, ಹೊರಗೆ ಹೋಗಲು ಬಿಡುವ ಮೇಷ್ಟ್ರು.

ಕರುಳು ಸೇರಿಸಿದ ಕೋಶದಲ್ಲಿ ಲೋಳೆ ಬರುತ್ತಿರುತ್ತದೆ. ಸಲೈನ್ ಹಾಕಿ ತೊಳೆಯದಿದ್ದರೆ ಕಲ್ಲುಗಟ್ಟುತ್ತದೆ. ದೊಡ್ಡವರಾದ ಮೇಲೆ ಮೂತ್ರಕೋಶದ ಕ್ಯಾನ್ಸರಿನ ಅಪಾಯವೂ ಉಳಿದವರಿಗಿಂತ ಹೆಚ್ಚು. ಹೀಗಾಗಿ ಹದಿನೆಂಟು ದಾಟಿ ಮಕ್ಕಳ ಆಸ್ಪತ್ರೆ ಬಿಟ್ಟವರಲ್ಲಿ ಒಂದು ವಿನಂತಿ: ಹಳೆಯ ಫೈಲು ಎಸೆಯಬೇಡಿ. ಅದನ್ನು ಹಿಡಿದು ದೊಡ್ಡವರ ಯೂರಾಲಜಿ ವಿಭಾಗದಲ್ಲಿ ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ.