ಸುದ್ದಿಯೊಳಗಿನ ಅಪರೂಪದ ಇಂಗ್ಲಿಷ್ ಶಬ್ದಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಮಕ್ಕಳ ಇಂಗ್ಲಿಷಿನ ಚಿಂತೆ ಇಲ್ಲದ ಮನೆ ವಿರಳ. ಶಬ್ದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದು ನಮ್ಮಲ್ಲಿ ಹಳೆಯ ರೂಢಿ. ಇಂದು ಬಾಯಿಗೆ ಬಂದುದು ಬರುವ ಸಂತೆಯ ಹೊತ್ತಿಗೆ ಮರೆತಿರುತ್ತದೆ. ನಿಮ್ಮ ಸೀಮೆಯ ಸುದ್ದಿಯಲ್ಲಿಯೇ ಆ ಶಬ್ದಗಳನ್ನು ಹುಡುಕಿ ನೋಡಿರಿ.

ಆಲಮಟ್ಟಿಯನ್ನೇ ತೆಗೆದುಕೊಳ್ಳೋಣ. ಮೊದಲು ಬಾಗೇವಾಡಿ ತಾಲೂಕಿನಲ್ಲಿದ್ದು ಈಗ ನಿಡಗುಂದಿಗೆ ಸೇರಿದ ಈ ಊರಿನ ಜಲಾಶಯದ ಸುದ್ದಿ ಮಳೆಗಾಲದಲ್ಲಿ ದಿನವೂ ಬರುತ್ತದೆ. 'ಕ್ಯೂಸೆಕ್' ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರು ನೀರು. 11,574 ಕ್ಯೂಸೆಕ್ ಒಂದು ಹಗಲು, ಒಂದು ರಾತ್ರಿ ಹರಿದರೆ ಒಂದು ಟಿಎಂಸಿ. ಇದು ಸುಲಭ. ಅದೇ ಸುದ್ದಿಯ ಕೆಳಗೆ 'ರೈಪೇರಿಯನ್' ಎಂಬ ಮಾತು ಎಡತಾಕುತ್ತದೆ. ನದಿಯ ದಂಡೆಗೆ ಸಂಬಂಧಿಸಿದ್ದು ಎಂದು ಅದರ ಅರ್ಥ. ಲ್ಯಾಟಿನ್ನಿನ 'ರೀಪ' ಎಂದರೆ ದಂಡೆ. ದಂಡೆ ಮುಟ್ಟಿದುದರಿಂದಲೇ 'ಅರೈವ್' ಹುಟ್ಟಿತು. 'ರೈವಲ್' ಎಂಬುದರ ಮೂಲ ಮಾತ್ರ ಬೇರೆ, ಹಳ್ಳ ಎಂಬರ್ಥದ 'ರೀವುಸ್'. ಒಂದೇ ಹಳ್ಳದ ನೀರನ್ನು ಬಳಸುವ ನೆರೆಯವನೇ ರೈವಲ್! ಕೃಷ್ಣೆಯ ನೀರಿಗಾಗಿ 1969ರಲ್ಲಿ ಮೊದಲ ನ್ಯಾಯಮಂಡಳಿ, 2004ರಲ್ಲಿ ಎರಡನೆಯದು ಬಂದುದನ್ನು ಬಲ್ಲ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಶಬ್ದ 'ಸೊಲೇಶಿಯಂ'. 2010ರಲ್ಲಿ ಎರಡನೆಯ ನ್ಯಾಯಮಂಡಳಿಯು ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಹಾಗೆ ಏರಿದರೆ ಹೊಲ ಮುಳುಗುವ ರೈತನಿಗೆ ಈ ಶಬ್ದ ಪರೀಕ್ಷೆಯ ಶಬ್ದವಲ್ಲ. ಮೂಲದಲ್ಲಿ ಇದರ ಅರ್ಥ ಸಾಂತ್ವನ. ಕಾಯಿದೆಯಲ್ಲಿ, ಒಲ್ಲದ ಮನಸ್ಸಿನಿಂದ ಭೂಮಿ ಬಿಟ್ಟುಕೊಡುವವನಿಗೆ ಪರಿಹಾರದ ಮೇಲೆ ಸಲ್ಲುವ ಹೆಚ್ಚಿನ ಹಣ. 1984ರ ತಿದ್ದುಪಡಿಯಲ್ಲಿ ಇದು ಶೇಕಡಾ 30 ಆಗಿತ್ತು. 2013ರ ಕಾಯಿದೆಯಲ್ಲಿ ಶೇಕಡಾ 100 ಆಯಿತು. ಹಣದಿಂದ ಸಾಂತ್ವನವಾಗುವುದೋ ಇಲ್ಲವೋ, ಆ ಮಾತು ಬೇರೆ. ಶಬ್ದವೇ ತಿಳಿಯದಿದ್ದರೆ ತನಗೆ ಬರತಕ್ಕುದನ್ನು ಕೇಳುವುದಾದರೂ ಹೇಗೆ?

ಕ್ರಮ ಸರಳವಾದುದು. ಒಂದು ಸುದ್ದಿಯನ್ನು ಮೊದಲು ಕನ್ನಡದಲ್ಲಿ ಓದಿರಿ, ಬಳಿಕ ಅದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ. ವಿಷಯ ತಿಳಿದಿರುವುದರಿಂದ ಅರ್ಥ ಅರ್ಧ ಹೊಳೆಯುತ್ತದೆ. ಶಬ್ದವೊಂದನ್ನೇ ಬರೆದುಕೊಳ್ಳದೆ ಇಡೀ ವಾಕ್ಯವನ್ನು ಬರೆದಿಡಿರಿ. ನಿಘಂಟನ್ನು ಕೊನೆಗೆ ತೆರೆದರಾಯಿತು.

ಸಂಸ್ಕೃತಿಯ ಪುಟಗಳನ್ನೂ ಬಿಡಬೇಡಿರಿ. ಗೋಳಗುಮ್ಮಟದ ಲೇಖನದಲ್ಲಿ 'ಮಾಸೋಲಿಯಂ' ಸಿಕ್ಕೇ ಸಿಗುತ್ತದೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಮಾಸೋಲಸ್ ಎಂಬ ಅರಸನ ಗೋರಿಯಿಂದ ಬಂದ ಹೆಸರು, 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನ ಗೋರಿಗೂ ಸಲ್ಲುತ್ತದೆ.

ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಇಂಡಿಯ ಲಿಂಬೆಗೆ ಇಂಗ್ಲಿಷ್ ಪತ್ರಿಕೆಗಳು 'ಲೈಮ್' ಎನ್ನುತ್ತವೆ. ಸುಣ್ಣಕ್ಕೂ ಅದೇ ಅಕ್ಷರಗಳು. ಹಣ್ಣಿನ ಹೆಸರು ಅರಬ್ಬಿಯ ಕಡೆಯಿಂದ ಬಂದುದು, ಸುಣ್ಣದ್ದು ಹಳೆಯ ಇಂಗ್ಲಿಷಿನದೇ. ಇಂಡಿಯ ಹುಡುಗನಿಗೆ ಇದನ್ನು ಯಾವ ನಿಘಂಟೂ ಹೇಳಿಕೊಡಬೇಕಾಗಿಲ್ಲ. ಮೂಟೆ ಬಿಚ್ಚಿದರೆ ವಾಸನೆಯೇ ಹೇಳುತ್ತದೆ.